ಹೊಲಿಗೆ ಮೇಡಂ ಕಟ್ಟಿದ ಗಾಳದ ಕೋಲುಗಳು

ನಮ್ಮ ಶಾಲೆಯಲ್ಲಿ ಬಹಳ ವರ್ಷ ಹೊಲಿಗೆ ಕಲಿಸಿದ ಮೇಡಂ ಈ ಬೇಸಿಗೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದೆಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಹೆಡ್‌ಮಿಸ್ಟ್ರೆಸ್ ಅವರ ಶಿಸ್ತು, ಸಮಯಪಾಲನೆಗಳ ಬಗ್ಗೆ ಮಾತಾಡಿದರು. ಹೇಳಿದ್ದೆಲ್ಲ ನಿಜವೇ. ಆದರೆ ಅವರು ಬಿಡುವಿನ ವೇಳೆಯಲ್ಲಿ ಮೀನು ಹಿಡಿಯುವ ಗಾಳದ ಕೋಲು ಕಟ್ಟುತ್ತಾರೆ ಎಂಬುದನ್ನು ವೇದಿಕೆಯ ಮೇಲೆ ಯಾರೂ ಎತ್ತಲಿಲ್ಲ. ಶಾಲು ಹೊದ್ದು ಕೂತವರ ಬಗ್ಗೆ ಅಂಥದ್ದನ್ನು ಹೇಳುವುದು ಹೇಗೆಂದು ತೋಚಿರಲಿಕ್ಕಿಲ್ಲ. ಆ ಕೆಲಸವನ್ನು ಅವರಿಂದ ಕಲಿತವಳು ನಾನೊಬ್ಬಳೇ ಆದ್ದರಿಂದ ಬರೆಯುವುದೂ ನನ್ನ ಪಾಲಿಗೇ ಬಂದಿದೆ.

ನಮ್ಮದು ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲು. ನಾನು ಗಣಿತದವಳು. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕದ ಮೇಜು ಅವರದು, ಅದಕ್ಕೆ ತಾಗಿದ್ದು ನನ್ನದು. ಅವರು ಗಿಡ್ಡ ಆಳು, ಗಟ್ಟಿ ಮೈಕಟ್ಟು. ಸೆರಗಿನ ಅಂಚಿನಲ್ಲಿ ಯಾವಾಗಲೂ ಎರಡು ಸೂಜಿ ಚುಚ್ಚಿರುತ್ತಿದ್ದವು. ಬಲಗೈಯ ಹೆಬ್ಬೆರಳಿನ ಉಗುರನ್ನು ಮಾತ್ರ ಬೆಳೆಸಿದ್ದರು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸುತ್ತಿದ್ದರು. ಆ ಒಂದು ಉಗುರು ಯಾಕೆಂದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಒಂದು ಶನಿವಾರ ಅವರು ಹಳೆಯ ಲಂಗದ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ಹಿಡಿದು ಬಂದು, ಬೀರುವಿನ ಹಿಂದೆ ಜೋಪಾನವಾಗಿ ನಿಲ್ಲಿಸಿದರು. ಕರ್ಟನ್ ರಾಡಾ ಎಂದು ಕೇಳಿದೆ. ಅಲ್ಲ ಅಂದರು. ಶಾಲೆ ಬಿಟ್ಟ ಮೇಲೆ, ಎಲ್ಲರೂ ಹೋದದ್ದನ್ನು ನೋಡಿಕೊಂಡು ಬಟ್ಟೆ ಬಿಚ್ಚಿ ತೋರಿಸಿದರು. ಕಪ್ಪು ಕೋಲು, ಅದರ ಮೈಮೇಲೆ ಸಾಲಾಗಿ ಚಿಕ್ಕ ಚಿಕ್ಕ ಉಂಗುರಗಳು, ಪ್ರತಿ ಉಂಗುರದ ಕಾಲಿಗೂ ಮಾವಿನೆಲೆ ಹಸಿರು ದಾರ ಒಂದೆಳೆಯೂ ಮೇಲೇರದಂತೆ ಸುತ್ತಿತ್ತು. ಅಂಚಿನಲ್ಲಿ ಎರಡೇ ಸುತ್ತು ಜರಿ. ರೇಷ್ಮೆ ಸೀರೆಯ ಬಾರ್ಡರು ನೋಡಿದ ಹಾಗಿತ್ತು.

"ಗಾಳದ ಕೋಲು. ನಾನೇ ಕಟ್ಟಿದ್ದು," ಅಂದರು. "ಸ್ಕೂಲ್ ಹಿಂದಿನ್ ಬೀದಿಯವರೊಬ್ರು ಮೀನು ಹಿಡಿಯೋಕೆ ಹೋಗ್ತಾರೆ, ಅವ್ರಿಗೆ ಕೊಡೋಕೆ ತಂದಿದೀನಿ. ನಿಮ್ ಮನೇಲಿ ಇದೆಲ್ಲ ಆಗಲ್ಲ, ಗೊತ್ತು. ಮುಟ್ಟಿದ್ರೆ ಏನೂ ಆಗಲ್ಲ, ನೋಡಿ. ಇನ್ನೂ ನೀರು ಮುಟ್ಟಿಲ್ಲ ಇದು."

ನಾನು ಮುಟ್ಟಿದೆ. ಶಂಕರಪುರದ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವುದೂ ಇಲ್ಲ. ಆದರೆ ಹೆಬ್ಬೆರಳನ್ನು ಆ ದಾರದ ಸುತ್ತಿನ ಮೇಲೆ ಓಡಿಸಿದಾಗ ಒಂದೇ ಒಂದು ಏರುತಗ್ಗು ಸಿಗಲಿಲ್ಲ. ಸುತ್ತುತ್ತ ಸುತ್ತುತ್ತ ಎಳೆಗೆ ಎಳೆ ತಾಗುವಂತೆ ಉಗುರಿನಿಂದ ಒತ್ತಿಕೊಂಡು ಹೋಗಬೇಕಂತೆ. ಅದಕ್ಕೇ ಆ ಉಗುರು.

ಇದು ಶುರುವಾದದ್ದು ಅವರ ತಂದೆಯಿಂದ. ತಂದೆ ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ಇಲ್ಲಿನ ಬಟ್ಟೆ ಮಿಲ್ಲೊಂದರಲ್ಲಿ ದುಡಿದವರು. ರಜೆ ಸಿಕ್ಕರೆ ಊರಾಚೆಯ ಕೆರೆಗಳಿಗೆ ಗಾಳ ಹಿಡಿದು ಹೋಗುತ್ತಿದ್ದರಂತೆ. ಐದಾರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕೋಲು ಗೋಡೆಯ ಮೊಳೆ ಸೇರಿತು. ಸುಣ್ಣ ಹೊಡೆಸಲು ಅದನ್ನು ಇಳಿಸುವಾಗ ಗಾಳದ ನೂಲು ಹಾಯುವ ಉಂಗುರಗಳಲ್ಲಿ ಎರಡು ಕಿತ್ತುಬಂದವು. ಮೇಡಂ ಅಂಟು ಹಾಕಿ ಕೂರಿಸಿದರು, ನಿಲ್ಲಲಿಲ್ಲ. ಮತ್ತೆ ಹಾಕಿದರು, ಮತ್ತೆ ಬಿತ್ತು. ಉಳಿದ ಉಂಗುರಗಳನ್ನು ಕನ್ನಡಕ ಹಾಕಿಕೊಂಡು ನೋಡಿದಾಗ ಅವನ್ನು ಹಿಡಿದು ನಿಲ್ಲಿಸಿದ್ದು ಅಂಟಲ್ಲ, ದಾರ ಎಂದು ತಿಳಿಯಿತು. ದಾರವಾದರೆ ನನ್ನ ಕೆಲಸವೇ ಅಂದುಕೊಂಡು ಕೂತರು. ಎರಡನ್ನು ಸರಿ ಮಾಡಿದ ಮೇಲೆ ಉಳಿದವು ಕಳಪೆಯಾಗಿ ಕಂಡವು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದರು. ಆಮೇಲೆ ಕೈ ನಿಲ್ಲಲಿಲ್ಲ. ಫೋನಿನಲ್ಲಿ ಯಾವ ಯಾವುದೋ ದೇಶದವರು ಕೋಲು ಕಟ್ಟುವುದನ್ನು ಸದ್ದು ಆರಿಸಿಕೊಂಡು ನೋಡುತ್ತಿದ್ದರು. ಭಾಷೆ ಅಡ್ಡ ಬರುತ್ತೆ, ಕೈ ನೋಡಿದರೆ ಸಾಕು ಅನ್ನುತ್ತಿದ್ದರು.

ನಾನು ಇದಕ್ಕೆ ಬಿದ್ದದ್ದು ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ. ಪರೀಕ್ಷೆಯ ಕೆಲಸ ಮುಗಿದಿತ್ತು. ಬೆಳಗ್ಗೆ ಎದ್ದರೆ ಫೋನು, ಊಟವಾದರೆ ಫೋನು. ಏನು ನೋಡಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ಒಂದು ದಿನ ಮಾರ್ಕ್ಸ್ ಪಟ್ಟಿಗೆ ಅವರ ಸಹಿ ಹಾಕಿಸಲು ಮನೆಗೆ ಹೋದೆ. ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಮೊದಲನೇ ಮಹಡಿಯ ಮನೆ, ಮುಂದೆ ಉದ್ದನೆಯ ಪಡಸಾಲೆ. ಅಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಅವರು ದಾರ ಸುತ್ತುತ್ತಿದ್ದರು. ಸಹಿ ಹಾಕಿಸಿಕೊಂಡ ಮೇಲೂ ನಾನು ಎದ್ದು ಬರಲಿಲ್ಲ. ಒಂದು ಗಂಟೆ ಕೂತು, ನನಗೂ ಹೇಳಿಕೊಡುತ್ತೀರಾ ಎಂದು ಕೇಳಿದೆ.

ಅವರು ಹೊಸ ಕೋಲು ತರಿಸಲು ಬಿಡಲಿಲ್ಲ. ಹಳೆಯದೊಂದನ್ನು ಬಿಚ್ಚಿ ಕಟ್ಟಿದರೆ ಅರ್ಧ ವಿದ್ಯೆ ಬರುತ್ತದೆ ಅನ್ನುವುದು ಅವರ ಮತ. ಯಾರೋ ಮೂಲೆಗೆ ಹಾಕಿದ್ದ ಕೋಲೊಂದನ್ನು ಕೊಟ್ಟು, ಪೂರ್ತಿ ಬೋಳಿಸಿಕೊಂಡು ಬರಲು ಹೇಳಿದರು. ಬ್ಲೇಡಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ನಾಲ್ಕು ದಿನದ ನಂತರ ಬೋಳು ಕೋಲು ಹಿಡಿದು ಹೋದೆ. ಆಟೋದವನು ಅದರ ತುದಿಯನ್ನು ಹೊರಗೆ ಹಾಕಲು ಒಪ್ಪದೆ, ಇಬ್ಬರೂ ತಲೆ ವಾರೆ ಮಾಡಿಕೊಂಡು ಕೂತು ಹೋದೆವು.

ಮೊದಲ ಪಾಠ ಕೋಲಿನ ಬೆನ್ನು ಹುಡುಕುವುದು. ಕೋಲು ನೋಡಲು ದುಂಡಗಿದ್ದರೂ ಅದರ ಒಂದು ಪಕ್ಕ ಗಡುಸಾಗಿರುತ್ತದೆ. ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿಟ್ಟು, ನಡುವನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತಿ ಉರುಳಿಸಿದರೆ ಅದು ತಾನಾಗಿ ಹೊರಳಿ ಒಂದು ಕಡೆಗೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ ಅದರ ನೇರಕ್ಕೆ ಉಂಗುರ ಕೂರಿಸಬೇಕು. ಇಲ್ಲದಿದ್ದರೆ ಮೀನು ಎಳೆದಾಗ ಕೋಲು ಕೈಯಲ್ಲೇ ತಿರುಚಿಕೊಳ್ಳುತ್ತದೆ. ನನ್ನ ಅಂಗೈಯಲ್ಲಿ ಅದು ಮೊದಲ ಸಲ ತಾನಾಗಿ ಹೊರಳಿದಾಗ ಬೆಚ್ಚಿ ಕೈಬಿಟ್ಟೆ. ಮೇಡಂ ಬಹಳ ಹೊತ್ತು ನಕ್ಕರು.

ಎರಡನೆಯದು ಉಂಗುರಗಳ ನಡುವಿನ ಅಂತರ. ತುದಿಯ ಕಡೆಗೆ ಹೋದಂತೆ ಹತ್ತಿರ, ಬುಡದ ಕಡೆಗೆ ದೂರ. ಇದು ನನ್ನ ವಿಷಯ ಎಂದು ಉತ್ಸಾಹದಿಂದ ಲೆಕ್ಕ ಹಾಕಿ ಪಟ್ಟಿ ಮಾಡಿಕೊಂಡು ಹೋದೆ. ಅವರು ಪಟ್ಟಿಯನ್ನು ಗೌರವದಿಂದಲೇ ಓದಿದರು. ಆಮೇಲೆ ಕೋಲಿನ ತುದಿಗೆ ನೂಲು ಕಟ್ಟಿ ಬಗ್ಗಿಸಿ, ಗೋಡೆಯ ಮೇಲೆ ಬಿದ್ದ ಅದರ ನೆರಳನ್ನು ನೋಡುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರು. ನನ್ನ ಲೆಕ್ಕಕ್ಕೂ ಅವರ ಕಣ್ಣಿಗೂ ಹೆಚ್ಚೆಂದರೆ ಒಂದು ಬೆರಳಿನ ವ್ಯತ್ಯಾಸ. ಒಂದು ಕಡೆ ಮಾತ್ರ ಮೂರು ಬೆರಳು. ಕೋಲು ಅಲ್ಲಿ ನಾನಂದುಕೊಂಡದ್ದಕ್ಕಿಂತ ಹೆಚ್ಚು ಬಗ್ಗುತ್ತಿತ್ತು. ನಾನು ಪಟ್ಟಿಯನ್ನು ತಿದ್ದಿಕೊಂಡೆ.

ದಾರ ಸುತ್ತುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ಕಚ್ಚು ಕೊಯ್ದು ಕೋಲನ್ನು ಅದರಲ್ಲಿ ಮಲಗಿಸಬೇಕು. ದಾರದ ಉಂಡೆ ಒಂದು ಲೋಟದಲ್ಲಿ. ಅಲ್ಲಿಂದ ಬರುವ ಎಳೆ ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ಹಾದು ಬರಬೇಕು, ಆಗ ಅದಕ್ಕೆ ಬೇಕಾದ ಬಿಗಿ ಸಿಗುತ್ತದೆ. ನಾವು ಇಟ್ಟದ್ದು ಹತ್ತನೇ ತರಗತಿಯ ಗಣಿತದ ಪುಸ್ತಕ. ಬಿಗಿ ಸಾಲದಾದಾಗ ಮೇಲೆ ಅರಿಶಿನದ ಡಬ್ಬಿ ಹೇರಿದೆವು. ಮಕ್ಕಳು ಇಷ್ಟು ವರ್ಷ ಹೆದರಿದ್ದು ಈ ಪುಸ್ತಕಕ್ಕಾ ಅಂದರು ಮೇಡಂ.

ನನಗೆ ಬೇಗ ಮುಗಿಸುವ ಚಟ. ಮೊದಲ ವಾರ ಸುತ್ತಿದ್ದೆಲ್ಲ ಸಡಿಲವಾಯಿತು, ಎಳೆಯ ಮೇಲೆ ಎಳೆ ಏರಿತು. ಅವರು ಬೈಯಲಿಲ್ಲ, ಸರಿ ಮಾಡಿಯೂ ಕೊಡಲಿಲ್ಲ. ಉಗುರಿನಿಂದ ತಪ್ಪಾದ ಜಾಗ ಮುಟ್ಟಿ ತೋರಿಸಿ ಬ್ಲೇಡು ಕೈಗಿಡುತ್ತಿದ್ದರು. ತರಗತಿಯಲ್ಲೂ ಅವರ ಕ್ರಮ ಅದೇ. ತಪ್ಪು ಹೊಲಿಗೆ ಹಾಕಿದ ಹುಡುಗಿಗೆ ಮೊಂಡು ಸೂಜಿ ಕೊಟ್ಟು, ಬಟ್ಟೆಗೆ ನೋವಾಗದಂತೆ ಬಿಚ್ಚಲು ಹೇಳುತ್ತಿದ್ದರು. ಬಿಚ್ಚುವುದಕ್ಕೂ ಹತ್ತು ಮಾರ್ಕ್ಸ್ ಇಟ್ಟಿದ್ದರು. ಪರೀಕ್ಷೆಯಲ್ಲಿ ಹಾಗೆಲ್ಲ ಇಲ್ಲವಲ್ಲ ಮೇಡಂ ಎಂದು ನಾನೊಮ್ಮೆ ಕೇಳಿದ್ದಕ್ಕೆ, ನನ್ನ ಪೀರಿಯಡ್ಡಿನಲ್ಲಿ ಇದೆ ಅಂದಿದ್ದರು.

ನನ್ನ ಮೊದಲ ಉಂಗುರವನ್ನು ಹನ್ನೊಂದು ಸಲ ಬಿಚ್ಚಿದೆ. ಹನ್ನೆರಡನೆಯ ಸಲ ಅವರು ಹೆಬ್ಬೆರಳು ಓಡಿಸಿ ನೋಡಿ, "ಇದು ಕೂತ್ಕೊಂಡ್ತು ನೋಡಮ್ಮ. ಎದ್ದು ಕಾಫಿ ಕುಡಿ," ಅಂದರು. ಅಲ್ಲಿಯ ತನಕ ನನಗೆ ನೀವು, ಬನ್ನಿ, ಹೋಗಿ ಅನ್ನುತ್ತಿದ್ದವರು ಅವತ್ತಿನಿಂದ ನೀನು ಅಂದರು. ಅಷ್ಟು ಖುಷಿ ನನಗೆ ಎಂ.ಎಸ್ಸಿ. ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ದಾರದ ಮೇಲೆ ಕೊನೆಗೆ ಎರಡು ಬಾಟಲಿಯ ಅಂಟನ್ನು ಸಮಸಮ ಕಲಸಿ ಬಳಿಯಬೇಕು. ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಆದರೆ ಆರುವ ತನಕ ಕೋಲು ನಿಧಾನವಾಗಿ ತಿರುಗುತ್ತಲೇ ಇರಬೇಕು, ಇಲ್ಲವಾದರೆ ಅಂಟು ಕೆಳಕ್ಕೆ ಇಳಿದು ಜೋತುಬೀಳುತ್ತದೆ. ಇದಕ್ಕೆ ಅವರು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಿಂದ ಮೋಟಾರು ತಂದಿದ್ದರು. ಅಂಗಡಿಯ ಗಾಜಿನೊಳಗೆ ಗಣಪತಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದ ಮೋಟಾರು. ಅಂಗಡಿಯವರು ಹೊಸದು ಹಾಕಿಸಿ ಹಳೆಯದನ್ನು ಕೊಟ್ಟಿದ್ದರು. ಜೊತೆಗೆ ಅಚ್ಚು ತಪ್ಪಿದ ಒಂದು ಕಟ್ಟು ಪತ್ರಿಕೆಗಳನ್ನೂ ಕೊಟ್ಟಿದ್ದರು. ಅಂಟು ಕಲಸುವುದು ಅವುಗಳ ಮೇಲೆಯೇ. ಯಾರದೋ ಮುಹೂರ್ತದ ಮೇಲೆ ನಾವು ಅಂಟು ಕಲಸುತ್ತಿದ್ದೆವು, ಮದುವೆ ಗಟ್ಟಿಯಾಗಲಿ ಎಂದು ಮೇಡಂ ಹರಸುತ್ತಿದ್ದರು.

ನಾನು ಮಾತ್ರ ಮೊದಲ ಕೋಲನ್ನು ಮನೆಯಲ್ಲೇ ಮುಗಿಸುತ್ತೇನೆಂದು ಹಠ ಹಿಡಿದೆ. ಐದು ನಿಮಿಷಕ್ಕೊಮ್ಮೆ ಕೈಯಿಂದ ತಿರುಗಿಸುತ್ತ ಕೂತಿದ್ದೆ. ಕುಕ್ಕರ್ ಕೂಗಿತು, ಎದ್ದು ಹೋದೆ, ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಪ್ರತಿ ಉಂಗುರದ ಕೆಳಗೂ ಒಂದೊಂದು ಅಂಟಿನ ಗಂಟು ಜೋತುಬಿದ್ದಿತ್ತು. ಹಾಗೇ ಒಣಗಿತು. ಅದನ್ನು ದೇವರ ಕೋಣೆಯ ಪಕ್ಕದ ಮೂಲೆಯಲ್ಲಿ ನಿಲ್ಲಿಸಿದ್ದೆ. ಮಾರನೆಯ ದಿನ ನೋಡಿದರೆ ಅತ್ತೆ ಅದರ ತುದಿಗೆ ಬಟ್ಟೆ ಕಟ್ಟಿ ಸೂರಿನ ಜೇಡರ ಬಲೆ ತೆಗೆಯುತ್ತಿದ್ದರು. ಎಷ್ಟು ಚೆನ್ನಾಗಿ ಬಗ್ಗುತ್ತೆ, ಎಲ್ಲಿ ಸಿಕ್ತು ಎಂದು ಕೇಳಿದರು. ನಿಜ ಹೇಳಿದೆ. ಅತ್ತೆ ಕೋಲನ್ನು ಕೆಳಗಿಟ್ಟರು. ತಿನ್ನುತ್ತೀಯಾ ಎಂದು ಕೇಳಿದರು, ಇಲ್ಲ ಅಂದೆ. ಹಿಡಿಯುತ್ತೀಯಾ ಅಂದರು, ಅದೂ ಇಲ್ಲ ಅಂದೆ. ಬರೀ ಕಟ್ಟುತ್ತೇನೆ ಅಂದಾಗ, ಹಾಗಾದರೆ ಹಿತ್ತಲ ಕೋಣೆಯಲ್ಲಿ ಕಟ್ಟಿಕೋ ಎಂದು ಹೇಳಿ ಮತ್ತೆ ಬಲೆ ತೆಗೆಯತೊಡಗಿದರು.

ಮೇಡಂಗೆ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗುವಿನ ನಡುವೆಯೇ ನಾನು, ನಿಮಗೆ ಮೊದಲ ಮೀನು ಸಿಕ್ಕಾಗ ಹೇಗನ್ನಿಸಿತು ಎಂದು ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಹಿಡಿದೇ ಇಲ್ಲಮ್ಮ," ಅಂದರು. "ಒಂದ್ಸಲಾನೂ ಗಾಳ ಹಾಕಿಲ್ಲ."

ಅಷ್ಟು ಹೊತ್ತಿಗೆ ಅವರು ಹದಿನಾಲ್ಕು ಕೋಲು ಕಟ್ಟಿದ್ದರು. ಪರಿಚಯದವರೆಲ್ಲ ಅವನ್ನು ಹಿಡಿದು ಎಲ್ಲೆಲ್ಲಿಗೋ ಹೋಗಿಬರುತ್ತಿದ್ದರು, ಮೀನಿನ ಫೋಟೋ ಕಳಿಸುತ್ತಿದ್ದರು. ಆಮೇಲೆ ವಿಷಯ ಹೇಳಿದರು. ಹತ್ತು ವರ್ಷದವರಿದ್ದಾಗ, ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ಎರೆಹುಳದ ಡಬ್ಬಿ ಹಿಡಿದುಕೊಂಡು ತಂದೆಯ ಹಿಂದೆ ಕೆರೆಯ ತನಕ ಹೋಗಿದ್ದರಂತೆ. ಏರಿ ಹತ್ತುವ ಕಡೆ ತಂದೆ ತಿರುಗಿ ನೋಡಿ, ಹೆಣ್ಣುಮಕ್ಕಳು ಕೆರೆ ಏರಿ ಮೇಲೆ ಕೂರುವುದಿಲ್ಲ, ಮನೆಗೆ ನಡಿ ಎಂದು ಡಬ್ಬಿ ಇಸಿದುಕೊಂಡರಂತೆ. ಇವರು ವಾಪಸು ಬಂದರು. ಮತ್ತೆ ಕೇಳಲಿಲ್ಲ. ಅವರೂ ಕರೆಯಲಿಲ್ಲ. ಸಿಟ್ಟೇನೂ ಇಲ್ಲ, ಆಗ ಎಲ್ಲರೂ ಹಾಗೇ ಇದ್ದರು ಎಂದು ಹೇಳಿ ದಾರದ ತುದಿ ಹುಡುಕತೊಡಗಿದರು.

ಅವರ ತಂದೆಯನ್ನು ನಾನು ಪ್ರತಿಸಲ ನೋಡುತ್ತಿದ್ದೆ. ಪಡಸಾಲೆಗೆ ತೆರೆದುಕೊಳ್ಳುವ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿರುತ್ತಿದ್ದರು. ಎಂಬತ್ತು ದಾಟಿದ ಎತ್ತರದ ಮುದುಕರು, ಬಿಳಿ ಮೀಸೆ. ಮಾತು ನಿಧಾನವಾಗಿ ಬರುತ್ತಿತ್ತು, ಆದರೆ ಆಡುತ್ತಿದ್ದುದೇ ಕಡಿಮೆ. ಬಲಗೈಗೆ ಡಾಕ್ಟರು ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಹೇಳಿದ್ದರು. ಚೆಂಡು ಮಂಚದ ಕೆಳಗೆ ಉರುಳಿಕೊಂಡಿರುತ್ತಿತ್ತು. ಮಗಳು ಕಟ್ಟಿದ ಕೋಲುಗಳ ಬಗ್ಗೆ ಅವರು ಒಂದು ಮಾತನ್ನೂ ಆಡಿರಲಿಲ್ಲ. ನೋಡುವುದೂ ಇಲ್ಲವೇನೋ ಎಂದುಕೊಂಡಿದ್ದೆವು.

ಕಳೆದ ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ನಾವಿಬ್ಬರೂ ಕೆಲಸ ಮಾಡುತ್ತಿದ್ದೆವು. ಒಳಗಿನಿಂದ ದನಿ ಬಂತು.

"ಮೂರ್ನೇ ಉಂಗ್ರ ಸೊಟ್ಟ ಐತೆ."

ಅದು ನನ್ನ ಕೋಲು. ನಾನು ಎತ್ತಿ ತುದಿಯಿಂದ ಕಣ್ಣಿಟ್ಟು ನೋಡಿದೆ. ಮೂರನೆಯದು ನಿಜಕ್ಕೂ ಕೂದಲೆಳೆಯಷ್ಟು ವಾರೆಯಾಗಿತ್ತು. ಹದಿನೈದು ಅಡಿ ದೂರದಿಂದ ಮುದುಕರಿಗೆ ಕಂಡಿತ್ತು. ಅವತ್ತು ಸಂಜೆಯೇ ಮೇಡಂ ತಂದೆಗೆ ಹೊಸ ಕೋಲು ಕಟ್ಟುವ ಮಾತೆತ್ತಿದರು.

ಅದು ಅವರು ಕಟ್ಟಿದ್ದರಲ್ಲೆಲ್ಲ ಕಷ್ಟದ್ದು. ಎಡಗೈಯಲ್ಲಿ ಹಿಡಿಯುವಂಥದ್ದು ಆಗಬೇಕು, ಹಗುರವಾಗಿರಬೇಕು. ಬೆಂಡಿನ ಹಿಡಿಯನ್ನು ಮೊಣಕೈ ದಾಟುವಷ್ಟು ಉದ್ದ ಮಾಡಿ, ತೋಳಿಗೆ ಕಟ್ಟಲು ಹಳೇ ಮೈಸೂರು ಸೀರೆಯ ಬಾರ್ಡರಿನ ಪಟ್ಟಿ ಹೊಲಿದರು. ನೂಲು ಸುತ್ತುವ ರೀಲಿನ ಹಿಡಿಕೆ ಚಿಕ್ಕದು, ತಂದೆಯ ಬಲಗೈ ಬೆರಳು ಅಷ್ಟು ಮಡಚುತ್ತಿರಲಿಲ್ಲ. ಚನ್ನಪಟ್ಟಣದ ಮರದ ಬುಗುರಿಯೊಂದನ್ನು ತೂತು ಕೊರೆದು ಅದಕ್ಕೆ ಕೂರಿಸಿದರು. ಮೂರು ಸಲ ಬಿಚ್ಚಿದರು. ನಾಲ್ಕು ತಿಂಗಳು ಹಿಡಿಯಿತು. ತಂದೆಯ ಮುಂದೆ ಇಟ್ಟಾಗ ಅವರು ಎಡಗೈಯಿಂದ ಮುಟ್ಟಿ ನೋಡಿ, ಹ್ಞೂಂ ಅಂದರು. ಅಷ್ಟೇ. ಆದರೆ ಮರುದಿನದಿಂದ ರಬ್ಬರ್ ಚೆಂಡು ಮಂಚದ ಮೇಲಿತ್ತು.

ನಿವೃತ್ತಿಯಾದ ಮೊದಲ ಭಾನುವಾರ ಕಾರು ಮಾಡಿಕೊಂಡು ಕನಕಪುರ ರಸ್ತೆಯಾಚೆಗಿನ ಒಂದು ಹೊಂಡಕ್ಕೆ ಹೋದೆವು. ತೋಟದವರೊಬ್ಬರು ಮೀನು ಸಾಕಿ, ಬಂದವರಿಗೆ ಗಾಳ ಹಾಕಲು ಬಿಡುತ್ತಾರೆ. ಮೇಡಂ, ಅವರ ತಂದೆ, ನಾನು. ನನ್ನ ಬುತ್ತಿಯಲ್ಲಿ ಪುಳಿಯೋಗರೆ, ಅವರ ಚೀಲದಲ್ಲಿ ರಾಗಿ ಹಿಟ್ಟು. ದಡದಲ್ಲಿ ಕುರ್ಚಿ ಹಾಕಿ ಮುದುಕರನ್ನು ಕೂರಿಸಿದೆವು. ಅವರು ಎಡಗೈಯಲ್ಲೇ ಹಿಟ್ಟು ಕಲಸಿ, ಉಂಡೆ ಮಾಡಿ ಕೊಕ್ಕೆಗೆ ಸಿಕ್ಕಿಸಲು ನನಗೆ ಹೇಳಿಕೊಟ್ಟರು. ಅವರ ಮೊದಲ ಎಸೆತ ಕಾಲಬುಡದಲ್ಲಿ ಬಿತ್ತು. ಎರಡನೆಯದು ಪಕ್ಕದ ಪೊದೆಗೆ ಸಿಕ್ಕಿತು, ನಾನು ಬಿಡಿಸಿ ತಂದೆ. ಮೂರನೆಯದಕ್ಕೆ ಅವರು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂತು ಆಮೇಲೆ ಎಸೆದರು. ನೂಲು ಸುಯ್ಯೆಂದು ಉಂಗುರಗಳೊಳಗೆ ಓಡಿ ದೂರ ಹೋಗಿ ಬಿತ್ತು.

ಮೇಡಂ ದಡದಿಂದ ಇಪ್ಪತ್ತು ಅಡಿ ಹಿಂದೆ ಹೊಂಗೆ ಮರದ ಕೆಳಗೆ ಕೂತಿದ್ದರು. ಮುಂದೆ ಬನ್ನಿ ಎಂದು ನಾನು ಎರಡು ಸಲ ಕರೆದೆ. ಇಲ್ಲೇ ನೆರಳಿದೆ ಅಂದರು. ದಡದಲ್ಲೂ ನೆರಳಿತ್ತು.

ಒಂದು ಗಂಟೆ ಕಳೆದಿರಬೇಕು. ಕೋಲಿನ ತುದಿ ಒಮ್ಮೆ ಬಾಗಿತು, ನಿಂತಿತು, ಆಮೇಲೆ ಒಂದೇ ಏಟಿಗೆ ಕೋಲು ಅರ್ಧದ ತನಕ ಬಗ್ಗಿತು. ಮುದುಕರು ಎಡಗೈಯನ್ನು ಬಿಗಿಹಿಡಿದು ಬಲಗೈಯಿಂದ ಬುಗುರಿ ತಿರುಗಿಸಿದರು. ನಾಲ್ಕು ಸುತ್ತು ಬಂತು. ಐದನೆಯದಕ್ಕೆ ಬೆರಳು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನೂಲು ಹೊರಕ್ಕೆ ಓಡುತ್ತಿತ್ತು. ನಾನು ಹತ್ತಿರವೇ ನಿಂತಿದ್ದೆ, ಕೈ ಚಾಚಿಯೂ ಇದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಕತ್ತು ತಿರುಗಿಸಿ ಮರದ ಕಡೆ ನೋಡಿದರು.

"ಮಗಾ, ಬಾ ಇಲ್ಲಿ. ಸುತ್ತು."

ಮೇಡಂ ಎದ್ದು ನಿಂತರು, ಆದರೆ ಹೆಜ್ಜೆ ಕೀಳಲಿಲ್ಲ. "ನಾನಾ ಅಪ್ಪ?" ಅಂದರು.

"ಇನ್ಯಾರು? ಕೋಲು ಕಟ್ಟಿದೋಳು ನೀನೇ ತಾನೆ. ಬಿರ್ರನೆ ಬಾ."

ಅವರು ಓಡಿದ ಓಟವನ್ನು ನಮ್ಮ ಶಾಲೆಯ ಯಾವ ಹುಡುಗಿಯೂ ನೋಡಿಲ್ಲ. ಚಪ್ಪಲಿ ಮರದ ಕೆಳಗೇ ಉಳಿಯಿತು. ಕುರ್ಚಿಯ ಪಕ್ಕ ಮಂಡಿಯೂರಿ ಬುಗುರಿ ಹಿಡಿದರು. ತಂದೆ ಕೋಲು ಎತ್ತುವುದು, ಮಗಳು ಸುತ್ತುವುದು. ಈಗ ಬಿಡು, ಈಗ ಎಳಿ, ಅವಸರ ಬೇಡ ಎಂದು ಮುದುಕರು ಒಂದೇ ಸಮನೆ ಹೇಳುತ್ತಲೇ ಇದ್ದರು. ಅಷ್ಟು ಮಾತನ್ನು ಅವರ ಬಾಯಲ್ಲಿ ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಕಡೆಗೆ ನೀರಿನಿಂದ ದೊಡ್ಡ ತಲೆಯ ಕಾಟ್ಲಾ ಮೀನೊಂದು ಮೇಲೆ ಬಂತು. ತೋಟದವರು ಬಲೆಯಲ್ಲಿ ಎತ್ತಿಕೊಟ್ಟರು. ಮೇಡಂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಸೀರೆಯೆಲ್ಲ ಒದ್ದೆ, ಸೆರಗಿನಲ್ಲಿ ಸೂಜಿ ಹಾಗೇ ಇತ್ತು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ನಾನಂತೂ ಎರಡನ್ನೂ ಮಾಡಿದೆ. ಫೋಟೋ ತೆಗೆಯುವುದನ್ನೂ ಮರೆತೆ.

ಬರುವಾಗ ಮುದುಕರು ಮುಂದಿನ ಸೀಟಿನಲ್ಲಿ ಕೂತಿದ್ದರು. ಬನಶಂಕರಿ ದಾಟಿದ ಮೇಲೆ, ತಿರುಗದೆ, ಹಿಂದೆ ಕೂತ ಮಗಳಿಗೆ ಹೇಳಿದರು: "ಬರೋ ವಾರ ನಿನ್ ಕೋಲು ನೀನು ತಗೊಂಡ್ ಬಾ. ನಂದು ಕೇಳ್ಬೇಡ."

ಮೇಡಂ ಬಳಿ ಅವರದೇ ಅನ್ನುವ ಕೋಲು ಇರಲಿಲ್ಲ. ಕಟ್ಟಿದ್ದೆಲ್ಲ ಬೇರೆಯವರಿಗೇ. ಮರುದಿನ ನಾನು ಹೋದಾಗ ದಾರದ ಉಂಡೆಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದರು. ನೀಲಿ ಎತ್ತಿಕೊಂಡರು, ಇಟ್ಟರು. ಕೆಂಪು ಎತ್ತಿಕೊಂಡರು, ಅದನ್ನೂ ಇಟ್ಟರು. ಮಧ್ಯಾಹ್ನದ ಕಾಫಿಯ ತನಕ ಹಾಗೇ ನಡೆಯಿತು. ಕಡೆಗೆ ಚೆಂಡುಹೂವಿನ ಬಣ್ಣದ್ದನ್ನು ಆರಿಸಿದರು. ಶುಕ್ರವಾರಕ್ಕೆ ಕೋಲು ಮುಗಿಯಿತು.

ಆ ಭಾನುವಾರ ನಮ್ಮ ಮನೆಯಲ್ಲಿ ಮಾವನವರ ತಿಥಿ, ನಾನು ಹೋಗಲಾಗಲಿಲ್ಲ. ಸಂಜೆಯಾಗುತ್ತಿದ್ದ ಹಾಗೆ ಅವರೇ ಫೋನು ಮಾಡಿದರು. ಇನ್ನೂ ಹೊಂಡದ ದಡದಲ್ಲೇ ಇದ್ದರು, ಹಿಂದೆ ಹಕ್ಕಿಗಳ ಸದ್ದು ಕೇಳುತ್ತಿತ್ತು. ಎಷ್ಟು ಮೀನು ಬಿತ್ತು ಮೇಡಂ ಎಂದು ಕೇಳಿದೆ.

"ಒಂದೂ ಬಿದ್ದಿಲ್ಲ ಕಣಮ್ಮ," ಅಂದರು. ಅವರ ದನಿ ಅಷ್ಟು ಹಗುರವಾಗಿದ್ದುದನ್ನು ನಾನು ಕೇಳಿರಲಿಲ್ಲ. "ಬೆಳಗ್ಗೆ ಎಂಟಕ್ಕೆ ಬಂದು ಕೂತಿದ್ದು. ಏನೂ ಬಿದ್ದಿಲ್ಲ. ಅಪ್ಪಾನೂ ಎದ್ದಿಲ್ಲ, ನಾನೂ ಎದ್ದಿಲ್ಲ."